ಮಳೆಗಾಲಕ್ಕೆ ತೇವ ಹಿಡಿಯುವ ಗೋಡೆಗೆ ಟೂಲ್ಸ್ ತೂಗುಹಾಕಬೇಕು, ಯಾವ ಪ್ಲೈವುಡ್ ತರಲಿ?

ಪಂಪ್‌ಶೆಡ್
ಎಲ್ಲರಿಗೂ ನಮಸ್ಕಾರ. ಪುತ್ತೂರು ಹತ್ತಿರ ನಂದೊಂದು ಸಣ್ಣ ವರ್ಕ್‌ಶಾಪ್. ಹುಲ್ಲು ಹೆರೆಯುವ ಮಿಷನ್, ಅಡಿಕೆಗೆ ಮದ್ದು ಬಿಡುವ ಪಂಪು, ಮೋಟಾರು ಇವುಗಳ ರಿಪೇರಿ. ಸಾಮಾನೆಲ್ಲ ನೆಲದಲ್ಲೇ ಬಿದ್ದಿರುತ್ತದೆ. 12ರ ಸ್ಪ್ಯಾನರ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ವಿಡಿಯೋಗಳಲ್ಲಿ ಬರುವ ಫ್ರೆಂಚ್ ಕ್ಲೀಟ್ ಮಾಡೋಣ ಅಂತಿದ್ದೇನೆ. ಗೊತ್ತಿಲ್ಲದವರಿಗೆ: ಪ್ಲೈವುಡ್ ಪಟ್ಟಿಯ ಒಂದು ಅಂಚನ್ನು 45 ಡಿಗ್ರಿ ಓರೆಯಾಗಿ ಸೀಳಿ ಗೋಡೆಗೆ ಅಡ್ಡಡ್ಡ ಹೊಡೆಯುವುದು. ಅದೇ ಓರೆ ಇರುವ ಇನ್ನೊಂದು ಪಟ್ಟಿಯನ್ನು ಪೆಟ್ಟಿಗೆಯ ಹಿಂದೆ ಹಾಕಿ ಅದರ ಮೇಲೆ ಕೂರಿಸುವುದು. ಬೇಕಾದಾಗ ಎತ್ತಿ ಬೇರೆ ಕಡೆ ಇಡಬಹುದು.

ಗೋಡೆ 14 ಅಡಿ ಉದ್ದ, 8 ಅಡಿ ಎತ್ತರ. ಮುರಕಲ್ಲು, ಒಳಗೆ ಸಾರಣೆ ಇದೆ. ಪಶ್ಚಿಮದ ಗೋಡೆ, ಜುಲೈನಲ್ಲಿ ಕೈಯಿಟ್ಟರೆ ತಣ್ಣಗೆ ಒದ್ದೆ ಒದ್ದೆ. ಮೂರು ಅಂಗಡಿಯಲ್ಲಿ ಕೇಳಿದೆ. ಒಬ್ಬರು ಎಂಆರ್ (ತೇವ ತಡೆಯುವ ಸಾದಾ ಗ್ರೇಡ್) ಸಾಕು ಎಂದರು, ಇನ್ನೊಬ್ಬರು ಬಿಡಬ್ಲ್ಯುಆರ್ (ಕುದಿನೀರು ತಡೆಯುವುದು), ಮೂರನೆಯವರು 710 ಮರೀನ್ (ದೋಣಿಗೆ ಬಳಸುವ ಗ್ರೇಡ್) ಬಿಟ್ಟು ಬೇರೆ ಮಾತೇ ಆಡಲಿಲ್ಲ. 12 ಎಂಎಂ ಸಾಕಾ, 18 ಬೇಕಾ? ಮಳೆ ಹಿಡಿಯುವ ಮೊದಲು ಮುಗಿಸಬೇಕು.

ಹುಬ್ಳಿಯಂವ
ಎಂಆರ್ ಸಾಕು ರೀ. ನಮ್ಮ ಗ್ಯಾರೇಜಿನಲ್ಲಿ ಕಮರ್ಷಿಯಲ್ ಪ್ಲೈ ಹಾಕಿ ಎಷ್ಟೋ ವರ್ಷ ಆಯ್ತು, ಏನೂ ಆಗಿಲ್ಲ. ಗೋಡೆ ಮೇಲೆ ಸುತ್ತಿಗೆ ತೂಗುಹಾಕಲು ಮರೀನ್ ಯಾಕೆ? ದೋಣಿ ಮಾಡ್ತೀರೇನು?

ಮುರಕಲ್ಲು
ಹುಬ್ಬಳ್ಳಿಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ನಮ್ಮಲ್ಲಿ 3,500 ದಾಟುತ್ತದೆ. ನಿಮ್ಮ ಅನುಭವ ನಿಮ್ಮೂರಿಗೆ ಸರಿ ಮಾರಾಯ್ರೇ, ಇಲ್ಲಿಗೆ ಅಲ್ಲ.

ಉಳಿ ಸುತ್ತಿಗೆ
ನಾನು ಬಡಗಿ ಕೆಲಸದವನು, ಉಡುಪಿ ಕಡೆ. ಅಂಗಡಿಯವರು ಹೇಳದ ಒಂದು ವಿಷಯ ಹೇಳ್ತೇನೆ. ಈ ಮೂರರ ನಡುವೆ ದೊಡ್ಡ ವ್ಯತ್ಯಾಸ ಇರುವುದು ಅಂಟಿನಲ್ಲಿ. ಎಂಆರ್‌ನಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ತೇವ ಪದೇ ಪದೇ ತಾಗಿದರೆ ಬಿಡುತ್ತದೆ. ಬಿಡಬ್ಲ್ಯುಆರ್ ಮತ್ತು 710ರಲ್ಲಿ ಫೀನಾಲ್ ಅಂಟು, ಕಪ್ಪುಗೆಂಪು ಬಣ್ಣ. ಅಂಚಿನಲ್ಲಿ ಪದರಗಳ ನಡುವೆ ಗಾಢ ಗೆರೆ ಕಾಣುತ್ತದಲ್ಲ, ಅದು. ಆದರೆ ಗೆರೆ ನೋಡಿ ಮಾತ್ರ ನಂಬಬೇಡಿ, ಅಂಟಿಗೆ ಬಣ್ಣ ಬೆರೆಸುವವರೂ ಇದ್ದಾರೆ.

ಪರೀಕ್ಷೆಯಲ್ಲೂ ಅಷ್ಟೇ ವ್ಯತ್ಯಾಸ. ಎಂಆರ್ ತುಂಡನ್ನು 60 ಡಿಗ್ರಿ ಬಿಸಿನೀರಲ್ಲಿ 3 ಗಂಟೆ ಇಡುತ್ತಾರೆ. ಬಿಡಬ್ಲ್ಯುಆರ್ ಆದರೆ ಕುದಿಯುವ ನೀರಲ್ಲಿ 8 ಗಂಟೆ. 710 ಆದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು.

ನಿಮ್ಮ ಗೋಡೆಗೆ ಎಂಆರ್ ಬೇಡವೇ ಬೇಡ.

ಕಾಫಿ ತೋಟ
ಆಚಾರ್ರು ಹೇಳಿದ್ದು ಸರಿ. ಜೊತೆಗೆ ಒಂದು. ಮರೀನ್ ಅಂದ ಮಾತ್ರಕ್ಕೆ ಒಳಗಿನ ಮರ ನೀರು ಕುಡಿಯುವುದಿಲ್ಲ ಅಂತಲ್ಲ. ಅಂಟು ಬಿಡುವುದಿಲ್ಲ, ಅಷ್ಟೇ. ಮರ ಮರವೇ. ಅಂಚು ತೆರೆದಿಟ್ಟರೆ ಹೀರುತ್ತದೆ, ಉಬ್ಬುತ್ತದೆ, ಕೊನೆಗೆ ಬೂಷ್ಟು ಹಿಡಿಯುತ್ತದೆ. ಯಾವ ಗ್ರೇಡ್ ತಂದರೂ ಅಂಚಿಗೆ ಎರಡು ಕೋಟ್ ಪ್ರೈಮರ್ ಬಳಿಯಿರಿ.

ಕಬ್ಬಿಣದಂಗಡಿ
ಇಷ್ಟೆಲ್ಲ ಯಾಕೆ? ಸ್ಲಾಟೆಡ್ ಆಂಗಲ್ ರ‍್ಯಾಕ್ ತನ್ನಿ. ನಟ್ಟು ಬೋಲ್ಟು ಹಾಕಿ, ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗೀತು. ಗೆದ್ದಲು ಇಲ್ಲ, ಕುಟ್ಟೆ ಹುಳ ಇಲ್ಲ, ಬೂಷ್ಟು ಇಲ್ಲ. ಪ್ಲೈವುಡ್ ಎಲ್ಲ ವಿಡಿಯೋ ಮಾಡುವವರ ಶೋಕಿ.

ಪಂಪ್‌ಶೆಡ್
@ಕಬ್ಬಿಣದಂಗಡಿ, ಹಿಂದಿನ ರ‍್ಯಾಕ್ ಕಬ್ಬಿಣದ್ದೇ. ನಮ್ಮಲ್ಲಿಗೆ ಬರುವ ಪಂಪುಗಳ ಒಳಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಅಡಿಕೆ ಮದ್ದು) ಉಳಿದಿರುತ್ತದೆ. ತೊಟ್ಟು ತೊಟ್ಟು ಬೀಳುತ್ತದೆ. ಮೈಲುತುತ್ತು ತಾಗಿದ ಕಬ್ಬಿಣದ ಗತಿ ನಿಮಗೆ ಗೊತ್ತಲ್ಲ. ಕೆಳಗಿನ ಎರಡು ತಟ್ಟೆ ತೂತು ಬಿದ್ದಿವೆ.

ಕಬ್ಬಿಣದಂಗಡಿ
ಹಾಗಾದರೆ ಗಾಲ್ವನೈಸ್ಡ್ ತನ್ನಿ.

ರಸಾಯನ ಮೇಷ್ಟ್ರು
ಗಾಲ್ವನೈಸ್ಡ್ ಅಂದರೆ ಮೇಲೆ ಸತುವು. ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತಿನ ದ್ರಾವಣ ಸತುವನ್ನು ಕಬ್ಬಿಣಕ್ಕಿಂತ ಬೇಗ ತಿನ್ನುತ್ತದೆ. ಎಸ್ಸೆಸ್ಸೆಲ್ಸಿ ಪ್ರಯೋಗ. ಸುಣ್ಣ ಸರಿಯಾಗಿ ಬೆರೆಸಿದ ಬೋರ್ಡೋ ಆದರೆ ಅಷ್ಟು ತೊಂದರೆ ಇಲ್ಲ. ಅದಕ್ಕೇ ಹಳಬರು ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಿದ್ದದ್ದು. ಚೂರಿ ಕೆಂಪಾದರೆ ಇನ್ನೂ ಸುಣ್ಣ ಬೇಕು ಅಂತ.

ಕಬ್ಬಿಣದಂಗಡಿ
ಸರಿ ಸಾರ್, ಸೋತೆ. ಆದರೂ ಪ್ಲೈವುಡ್ ಶೋಕಿಯೇ.

ಓಹಾಯೋ ಕನ್ನಡಿಗ
ಇಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರು ಬಾಲ್ಟಿಕ್ ಬರ್ಚ್ ತರುತ್ತಾರೆ. 5 ಅಡಿ ಚೌಕದ ಹಾಳೆ, 18 ಎಂಎಂನಲ್ಲಿ 13 ಪದರ, ಒಳಗೆ ಒಂದು ಸಂದೂ ಇರುವುದಿಲ್ಲ. ನಿಮ್ಮ ವಿಡಿಯೋಗಳಲ್ಲಿ ಅಂಚು ಚಂದ ಗೆರೆಗೆರೆಯಾಗಿ ಕಾಣುವುದು ಅದೇ. 2022ರ ಯುದ್ಧದ ನಂತರ ರಷ್ಯಾದ ಮಾಲು ಕಡಿಮೆಯಾಗಿ ಬೆಲೆ ಏರಿಬಿಟ್ಟಿತು. ಅಲ್ಲಿ ಸಿಕ್ಕರೆ ನೋಡಿ.

ಮುರಕಲ್ಲು
ಪುತ್ತೂರಲ್ಲಿ ಬಾಲ್ಟಿಕ್ ಬರ್ಚ್ ಕೇಳಿದರೆ ಬೇಕರಿ ತೋರಿಸಿಯಾರು.

ಓಹಾಯೋ ಕನ್ನಡಿಗ
😀 ಊರು ಬಿಟ್ಟು ಬಹಳ ದಿನ ಆಯ್ತು, ಕ್ಷಮಿಸಿ.

ಕಾಫಿ ತೋಟ
ಬರ್ಚ್ ಬೇಡ, ಆದರೆ ಒಳಗಿನ ಮರ ಯಾವುದು ಅಂತ ಕೇಳುವುದು ಒಳ್ಳೆಯದೇ. ಉತ್ತರದ ಯಮುನಾನಗರದಿಂದ ಬರುವ ಮಾಲಿನಲ್ಲಿ ಪಾಪ್ಲರ್ ಜಾಸ್ತಿ. ಹಗುರ, ಮೆದು. ಕೇರಳದ ಪೆರುಂಬಾವೂರು ಕಡೆಯ ಮಾಲಿನಲ್ಲಿ ರಬ್ಬರ್ ಮರ ಇರುತ್ತದೆ. ಮದ್ದು ಸರಿಯಾಗಿ ಹಾಕದಿದ್ದರೆ ಕುಟ್ಟೆಗೆ ಹಬ್ಬ. ನೀಲಗಿರಿ ತೂಕ, ಸ್ಕ್ರೂ ಚೆನ್ನಾಗಿ ಕಚ್ಚುತ್ತದೆ. ನಮ್ಮ ಚಿಕ್ಕಮಗಳೂರು ಕೊಡಗಿನ ತೋಟಗಳ ಸಿಲ್ವರ್ ಓಕ್ ಸಹ ಪ್ಲೈವುಡ್ ಕಾರ್ಖಾನೆಗೇ ಹೋಗುವುದು. ಈಚೆಗೆ ಹೆಬ್ಬೇವು ಬೆಳೆಯುವವರೂ ಅದನ್ನೇ ನಂಬಿಕೊಂಡಿದ್ದಾರೆ.

ಮೇಲ್ಪದರಕ್ಕೆ ಗರ್ಜನ್ ಮರ ಅಂತ ಹೇಳಿ ಮಾರುತ್ತಾರೆ. 2014ರಲ್ಲಿ ಮ್ಯಾನ್ಮಾರ್ ಇಡೀ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದ ಮೇಲೆ ಒಳ್ಳೆಯ ಗರ್ಜನ್ ಸುಲಭವಾಗಿ ಸಿಗುವುದಿಲ್ಲ. ಮೇಲ್ಪದರ ಹೇಗಿದ್ದರೂ ಪರವಾಗಿಲ್ಲ. ನೀವು ಬಣ್ಣ ಬಳಿಯುತ್ತೀರಿ ತಾನೇ?

ತೋಟದಾಚೆ
ಹೆಬ್ಬೇವು ಅಂದ್ರಲ್ಲ, ನಾನು ಒಂದು ಎಕರೆ ಹಾಕಿದ್ದೇನೆ. ಟನ್ನಿಗೆ ಏನು ರೇಟ್ ನಡೀತಿದೆ?

ಕಾಫಿ ತೋಟ
ಬೇರೆ ಚರ್ಚೆ ಶುರು ಮಾಡಿ ಅಣ್ಣ, ಅಲ್ಲಿ ಮಾತಾಡೋಣ.

ಉಳಿ ಸುತ್ತಿಗೆ
ಮದ್ದಿನ ವಿಷಯ ಬಂತಲ್ಲ. 710ರ ನಿಯಮದಲ್ಲೇ ವೆನೀರ್‌ಗೆ, ಅಂದರೆ ತೆಳು ಮರದ ಪದರಗಳಿಗೆ, ಹುಳು ಹಿಡಿಯದ ಹಾಗೆ ಮದ್ದು ಹಾಕಿರಬೇಕು ಅಂತ ಇದೆ. ಗೆದ್ದಲು ಇರುವ ಊರಲ್ಲಿ ನಾನು 710 ಹೇಳುವುದು ಅದಕ್ಕೆ, ನೀರಿಗಿಂತ ಜಾಸ್ತಿ.

ಇನ್ನು ಅಂಗಡಿಯಲ್ಲಿ ಮೋಸ ಹೋಗದಿರಲು. ಹಾಳೆಯ ಮೇಲೆ ಐಎಸ್‌ಐ ಗುರುತು ಇದ್ದರೆ ಸಾಲದು. ಅದರ ಮೇಲೆ ಐಎಸ್ 710 ಅಥವಾ (ಎಂಆರ್, ಬಿಡಬ್ಲ್ಯುಆರ್ ಆದರೆ) ಐಎಸ್ 303 ಅಂತಲೂ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರೂ ಇರಬೇಕು. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರು ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಜೀವಂತ ಇದೆಯಾ ಇಲ್ಲವಾ ಗೊತ್ತಾಗುತ್ತದೆ. ಅಂಗಡಿಯವನ ಎದುರಿಗೇ ಹಾಕಿ. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಆಮೇಲೆ ಅಳೆಯಿರಿ. 18 ಅಂತ ಕೊಟ್ಟದ್ದು ವರ್ನಿಯರ್ ಹಿಡಿದರೆ 16 ಚಿಲ್ಲರೆ ಬರುವುದು ನಮ್ಮ ಕಡೆ ಮಾಮೂಲು. ಅಂಚು ನೋಡಿ, ಪದರಗಳ ನಡುವೆ ಖಾಲಿ ಸಂದು ಇದ್ದರೆ ಸ್ಕ್ರೂ ಅಲ್ಲಿಗೆ ಹೋದಾಗ ತಿರುಗುತ್ತಲೇ ಇರುತ್ತದೆ. ಒಳ್ಳೆ 18 ಎಂಎಂ 8x4 ಹಾಳೆ ಒಬ್ಬರೇ ಎತ್ತಲು ಕಷ್ಟ, 35 ಕೆಜಿ ಆಸುಪಾಸು. ಒಂದು ಕೈಯಲ್ಲಿ ಎದ್ದುಬಂದರೆ ಬಿಟ್ಟು ಬನ್ನಿ.

ಶಿರಸಿ ಅಪ್ಪೆಹುಳಿ
ನಾವು ಮಾಡಿದ ಪರೀಕ್ಷೆ: ಅಂಗಡಿಯಲ್ಲಿ ತುಂಡು ಕೇಳಿ ತಂದು ಬಚ್ಚಲ ಹಂಡೆಗೆ ಹಾಕಿದ್ದು. ನಮ್ಮಲ್ಲಿ ಒಲೆ ಹೇಗೂ ದಿನವಿಡೀ ಉರಿಯುತ್ತಿರುತ್ತದೆ. ‘ಮರೀನ್’ ಅಂತ ಕೊಟ್ಟದ್ದು ಸಂಜೆಗೆ ಪುಸ್ತಕದ ಹಾಗೆ ಬಿಚ್ಚಿಕೊಂಡಿತ್ತು. ಇನ್ನೊಂದು ಅಂಗಡಿಯದ್ದು ಮೂರು ದಿನ ಬಿಟ್ಟರೂ ಹಾಗೇ ಇತ್ತು. ಅತ್ತೆ ಮಾತ್ರ ಆ ನೀರಲ್ಲಿ ಯಾರೂ ಸ್ನಾನ ಮಾಡಬಾರದು ಅಂತ ಗಲಾಟೆ ಎಬ್ಬಿಸಿದರು. ಬೇರೆ ಪಾತ್ರೆ ಹುಡುಕಿಕೊಳ್ಳಿ.

ರಸಾಯನ ಮೇಷ್ಟ್ರು
ಅತ್ತೆಯವರು ಹೇಳಿದ್ದೇ ಸರಿ. ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇದೆ. ಎಂಆರ್ ಅಂಟಿನಲ್ಲಿ ಅದು ಹೊರಬರುವುದು ಇನ್ನೂ ಜಾಸ್ತಿ. ಕೊಯ್ಯುವಾಗ ಮಾಸ್ಕ್ ಹಾಕಿ, ಹೊರಗೆ ಕೊಯ್ಯಿರಿ.

ಲೆಕ್ಕಪುಸ್ತಕ
ನಾನೊಂದು ಲೆಕ್ಕ ಹಾಕುತ್ತೇನೆ. ಮೂರು ಗ್ರೇಡಿನ ಜಗಳದಲ್ಲಿ ಎಷ್ಟು ಹಾಳೆ ಬೇಕು ಅಂತ ಯಾರೂ ಕೇಳಲಿಲ್ಲ.

8x4 ಹಾಳೆ ಅಂದರೆ 2440 x 1220 ಎಂಎಂ. ಉದ್ದುದ್ದಕ್ಕೆ 200 ಎಂಎಂ ಅಗಲದ 5 ಪಟ್ಟಿ ಕೊಯ್ಯಿಸಿ. ಗರಗಸ ತಿನ್ನುವುದು ಕಳೆದು ಆರನೆಯದಕ್ಕೆ 190 ಎಂಎಂ ಚಿಲ್ಲರೆ ಉಳಿಯುತ್ತದೆ, ಅದೂ ನಡೆಯುತ್ತದೆ. ಈಗ ಪ್ರತಿಯೊಂದನ್ನೂ ನಡುವೆ 45 ಡಿಗ್ರಿಗೆ ಸೀಳಿ. ಒಂದು ಸೀಳಿಗೆ ಎರಡು ಕ್ಲೀಟ್. ಒಟ್ಟು 12 ಪಟ್ಟಿ, ಒಂದೊಂದೂ 8 ಅಡಿ.

ಗೋಡೆ 14 ಅಡಿ. ಒಂದು ಸಾಲಿಗೆ ಒಂದು 8 ಅಡಿ, ಒಂದು 6 ಅಡಿ. ಅಡಿಗೊಂದು ಸಾಲಿನಂತೆ ಸೊಂಟದಿಂದ ಮೇಲೆ 6 ಸಾಲು. ಸರಿಯಾಗಿ 12 ಪಟ್ಟಿ! ಉಳಿದ ಎರಡೆರಡು ಅಡಿಯ 6 ತುಂಡು ಪೆಟ್ಟಿಗೆಗಳ ಹಿಂದಕ್ಕೆ.

ಅಂದರೆ ಗೋಡೆಗೆ ಬೇಕಾದ್ದು ಒಂದೇ ಹಾಳೆ. ಎಂಆರ್‌ಗೂ 710ಕ್ಕೂ ಚದರ ಅಡಿಗೆ 50 ರೂಪಾಯಿ ವ್ಯತ್ಯಾಸ ಅಂತಲೇ ಇಟ್ಟುಕೊಳ್ಳಿ. 32 ಚದರ ಅಡಿಗೆ 1,600 ರೂಪಾಯಿ. ಇಷ್ಟಕ್ಕೆ ಇಷ್ಟು ಹೊತ್ತು ಹೊಡೆದಾಟವಾ?

ಪಂಪ್‌ಶೆಡ್
ಅಬ್ಬಾ. ನಾನು ನಾಲ್ಕು ಹಾಳೆ ಅಂತ ಲೆಕ್ಕ ಹಾಕಿದ್ದೆ, ಇಡೀ ಗೋಡೆಗೆ ಪ್ಲೈ ಹೊದಿಸಿ ಅದರ ಮೇಲೆ ಪಟ್ಟಿ ಹೊಡೆಯುವುದು ಅಂತ. ವಿಡಿಯೋದಲ್ಲಿ ಹಾಗೇ ಇತ್ತು.

ಓಹಾಯೋ ಕನ್ನಡಿಗ
ಇಲ್ಲಿನ ಗೋಡೆ ಜಿಪ್ಸಮ್ ಹಲಗೆ, ಒಳಗೆ 16 ಇಂಚಿಗೊಂದು ಮರದ ಕಂಬ. ಎಲ್ಲಿ ಬೇಕಾದರೂ ಸ್ಕ್ರೂ ಹೊಡೆಯಲು ಆಗುವುದಿಲ್ಲ, ಅದಕ್ಕೇ ಹಲವರು ಪೂರ್ತಿ ಹೊದಿಸುತ್ತಾರೆ. ನಿಮ್ಮ ಕಲ್ಲಿನ ಗೋಡೆಗೆ ಬೇಕಿಲ್ಲ.

ಮುರಕಲ್ಲು
ಹೊದಿಸಲೇಬೇಡಿ. ಒದ್ದೆ ಗೋಡೆಗೆ ಅಂಟಿಸಿ ಪ್ಲೈ ಹೊದಿಸಿದರೆ ಹಿಂದೆ ಗಾಳಿ ಆಡುವುದಿಲ್ಲ. 710 ಆದರೂ ಎರಡು ಮಳೆಗಾಲಕ್ಕೆ ಹಿಂದಿನಿಂದ ಕಪ್ಪಾಗುತ್ತದೆ, ಗೆದ್ದಲು ಸಾಲು ಹಿಡಿದರೂ ಕಾಣುವುದಿಲ್ಲ.

ಇಲ್ಲಿ ಯಾರೂ ಗೋಡೆಯ ಬಗ್ಗೆ ಮಾತಾಡಿಲ್ಲ, ಅದೇ ನಿಜವಾದ ತಲೆನೋವು. ಮುರಕಲ್ಲು ತೂತುತೂತಿನ ಕಲ್ಲು. ಹ್ಯಾಮರ್ ಡ್ರಿಲ್ ಹಿಡಿದರೆ 8 ಎಂಎಂ ಬಿಟ್ಟಿಗೆ 11 ಎಂಎಂ ಗುಂಡಿ ಆಗುತ್ತದೆ. ರಾವಲ್ ಪ್ಲಗ್ ಹಾಕಿದ ದಿನ ಗಟ್ಟಿ ಇರುತ್ತದೆ, ಆಮೇಲೆ ಕೈಯಲ್ಲೇ ಬರುತ್ತದೆ. ನೀವು ಅದರ ಮೇಲೆ ಮೋಟಾರು ತೂಗುಹಾಕುತ್ತೀರಿ ಅಂತ ಇದ್ದೀರಿ.

ಹ್ಯಾಮರ್ ಆಫ್ ಮಾಡಿ, ಬರೀ ತಿರುಗುವ ಮೋಡ್‌ನಲ್ಲಿ ತೂತು ಕೊರೆಯಿರಿ. ಉದ್ದದ ಪ್ಲಗ್ ಹಾಕಿ, ಕಡೇಪಕ್ಷ 4 ಇಂಚು. ಸಾರಣೆಯೇ ಮುಕ್ಕಾಲು ಇಂಚು ತಿನ್ನುತ್ತದೆ. ಇಲ್ಲವೇ ಕೆಮಿಕಲ್ ಆಂಕರ್, ಗನ್‌ನಲ್ಲಿ ಒತ್ತುವ ರೆಸಿನ್. ತೂತಿನ ಕಲ್ಲಿಗೆ ಅದು ಹೇಳಿ ಮಾಡಿಸಿದ್ದು, ಸ್ವಲ್ಪ ದುಬಾರಿ.

ವೆಲ್ಡಿಂಗ್ ಮಂಜಣ್ಣನ ಶಿಷ್ಯ
ಅದಕ್ಕಿಂತ ಸುಲಭ ಇದೆ. ಒಂದೂವರೆ ಇಂಚಿನ ಎಂಎಸ್ (ಸಾದಾ ಕಬ್ಬಿಣದ) ಚೌಕ ಪೈಪ್ ತಂದು ನೆಲದಿಂದ ಮೇಲಕ್ಕೆ ನಿಲ್ಲಿಸಿ. ಎರಡೂವರೆ ಅಡಿಗೊಂದು. ಕೆಳಗೆ ಒಂದು ಪ್ಲೇಟ್. ಗೋಡೆಗೆ ಮೇಲೊಂದು ನಡುವೊಂದು ಕ್ಲಾಂಪ್. ಕ್ಲೀಟ್ ಪಟ್ಟಿಗಳನ್ನು ಪೈಪಿಗೆ ಬೋಲ್ಟ್ ಮಾಡಿ. ಭಾರ ಎಲ್ಲ ನೆಲಕ್ಕೆ ಹೋಗುತ್ತದೆ, ಗೋಡೆ ಬರೀ ಮುಂದಕ್ಕೆ ಬೀಳದಂತೆ ಹಿಡಿದುಕೊಳ್ಳುತ್ತದೆ. ಹಿಂದೆ ಒಂದೂವರೆ ಇಂಚು ಗಾಳಿಗೆ ಜಾಗವೂ ಸಿಕ್ಕಿತು.

ಕಬ್ಬಿಣದಂಗಡಿ
ಕೊನೆಗೆ ಕಬ್ಬಿಣಕ್ಕೇ ಬಂದ್ರಿ ನೋಡಿ.

ಉಳಿ ಸುತ್ತಿಗೆ
ಈ ಐಡಿಯಾ ಒಳ್ಳೆಯದು. ಪೈಪಿಗೆ ರೆಡ್ ಆಕ್ಸೈಡ್ ಬಳಿದು ಎನಾಮಲ್ ಹೊಡೆಯಿರಿ. ಬುಡಕ್ಕೆ ನೀರು ತಾಗದ ಹಾಗೆ ಸಿಮೆಂಟ್ ಗುಪ್ಪೆ ಮೇಲೆ ನಿಲ್ಲಿಸಿ.

ದಪ್ಪದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಕ್ಲೀಟ್‌ಗೆ 18. 12ರಲ್ಲಿ ಓರೆ ಕೊಯ್ದರೆ ಕಚ್ಚಲು ಇರುವ ಜಾಗವೇ ಸಣ್ಣದು, ಕೈ ತಾಗಿದರೆ ಪೆಟ್ಟಿಗೆ ಎದ್ದು ಬೀಳುತ್ತದೆ. ಸಣ್ಣ ಪೆಟ್ಟಿಗೆ, ಸ್ಕ್ರೂಡ್ರೈವರ್ ಹಿಡಿ, ಇವಕ್ಕೆಲ್ಲ 12 ಧಾರಾಳ.

ಲೆಕ್ಕಪುಸ್ತಕ
ತಟ್ಟೆಗಳಿಗೂ 18 ಹಾಕಿ. ಹಲಗೆ ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 18ನ್ನು 12ರಿಂದ ಭಾಗಿಸಿ ಒಂದೂವರೆ, ಅದರ ಘನ 3.375. ದಪ್ಪ ಒಂದೂವರೆ ಪಟ್ಟು ಆದರೆ ಬಾಗದೆ ನಿಲ್ಲುವುದು ಮೂರು ಪಟ್ಟಿಗಿಂತ ಜಾಸ್ತಿ. ಮೇಲ್ಪದರದ ನಾರು ತಟ್ಟೆಯ ಉದ್ದಕ್ಕೆ ಬರುವಂತೆ ಕೊಯ್ಯಿಸಿ. ಅಡ್ಡಕ್ಕೆ ಬಂದರೆ ಅದೇ ಹಲಗೆ ಬೇಗ ಜೋತುಬೀಳುತ್ತದೆ.

ಹುಬ್ಳಿಯಂವ
ನಾನು ಎಂಆರ್ ಅಂದದ್ದು ಪೆಟ್ಟಿಗೆಗಳಿಗೆ ಅಂತ ಇಟ್ಟುಕೊಳ್ಳಿ. ಅವು ಗೋಡೆಗೆ ತಾಗುವುದಿಲ್ಲ, ಕೆಟ್ಟರೆ ಹೊಸದು ಮಾಡಿದರಾಯ್ತು. ಎಲ್ಲಕ್ಕೂ 710 ಯಾಕೆ?

ಮುರಕಲ್ಲು
ಇದನ್ನು ಒಪ್ಪುತ್ತೇನೆ. ಆದರೆ ಕಡೇಪಕ್ಷ ಬಿಡಬ್ಲ್ಯುಆರ್ ತನ್ನಿ ಅಂತೇನೆ. ಆಗಸ್ಟಿನಲ್ಲಿ ನಮ್ಮಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ.

ಹೊಸ ಮನೆ
ಡಬ್ಲ್ಯುಪಿಸಿ ಬೋರ್ಡ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಹಾಕಬಹುದಲ್ಲ? ನೀರಿಗೆ ಏನೂ ಆಗಲ್ಲ ಅಂತಾರೆ. ನಮ್ಮ ಅಡುಗೆಮನೆಗೆ ಅದೇ ಹಾಕಿಸಿದ್ದು.

ಉಳಿ ಸುತ್ತಿಗೆ
ಸಿಂಕ್ ಕೆಳಗಿನ ಪೆಟ್ಟಿಗೆಗೆ ಒಳ್ಳೆಯದು. ಭಾರ ಹೊರುವ ತಟ್ಟೆಗೆ ಬೇಡ, ನಿಧಾನವಾಗಿ ಬಾಗುತ್ತದೆ, ಬಾಗಿದ್ದು ವಾಪಸ್ ಬರುವುದಿಲ್ಲ. ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದೆ.

ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಹೆಸರನ್ನೂ ಎತ್ತಬೇಡಿ. ಕರಾವಳಿ ಶೆಡ್ಡಿಗೆ ಅವು ಬಿಸ್ಕತ್ತು.

ಹೊಸ ಮನೆ
ಪ್ಲೈವುಡ್ ಮೇಲೆ ಲ್ಯಾಮಿನೇಟ್ ಅಂಟಿಸಿದರೆ?

ಉಳಿ ಸುತ್ತಿಗೆ
ಅಂಟಿಸುವುದಾದರೆ ಎರಡೂ ಕಡೆ. ಒಂದೇ ಕಡೆ ಅಂಟಿಸಿದರೆ ಇನ್ನೊಂದು ಕಡೆ ತೇವ ಹೀರಿ ಹಲಗೆ ಬಿಲ್ಲಾಗುತ್ತದೆ. ವರ್ಕ್‌ಶಾಪಿಗೆ ಎನಾಮಲ್ ಪೇಂಟ್ ಸಾಕು. ಗ್ರೀಸ್ ಒರೆಸಲೂ ಸುಲಭ.

ಹಳೇ ಬಂಡಿ
ನಮ್ಮ ಅಜ್ಜನ ಅಂಗಡಿಯಲ್ಲಿ ಟೀ ಪೆಟ್ಟಿಗೆಯ ಪ್ಲೈವುಡ್ ತಟ್ಟೆಗಳಿದ್ದವು. ಅಂಚಿಗೆ ತಗಡು ಹೊಡೆದ ಪೆಟ್ಟಿಗೆ. ತೆಳ್ಳಗೆ, ಆದರೆ ಏನು ಗಟ್ಟಿ! ನಮ್ಮ ದೇಶದಲ್ಲಿ ಪ್ಲೈವುಡ್ ಶುರುವಾದದ್ದೇ ಟೀ ಪೆಟ್ಟಿಗೆಗೆ ಅಂತ ಅಜ್ಜ ಹೇಳುತ್ತಿದ್ದರು.

ಕಾಫಿ ತೋಟ
ನಿಜ, ಅಸ್ಸಾಂ ಕಡೆ. ನಮ್ಮಲ್ಲಿ ದಾಂಡೇಲಿಯಲ್ಲೂ ಹಳೆಯ ಪ್ಲೈವುಡ್ ಕಾರ್ಖಾನೆ ಇತ್ತು. ಆಗಿನದ್ದು ಕಾಡಿನ ಮರ, ಈಗಿನದ್ದು ತೋಟದ ಎಳೆ ಮರ. ಹೋಲಿಸಿ ಬೇಜಾರು ಮಾಡಿಕೊಂಡು ಪ್ರಯೋಜನ ಇಲ್ಲ.

ತೋಟದಾಚೆ
ಎಳೆ ಮರ ಅಂದ್ರಿ, ಹೆಬ್ಬೇವು ಎಷ್ಟು ವರ್ಷಕ್ಕೆ ಕಡಿದರೆ ಒಳ್ಳೆಯದು?

ಕಾಫಿ ತೋಟ
ಅಣ್ಣಾ, ಬೇರೆ ಚರ್ಚೆ. 🙏

ರಸಾಯನ ಮೇಷ್ಟ್ರು
ಯಾರೂ ಹೇಳದ ಇನ್ನೊಂದು. ಪೆಟ್ರೋಲ್ ಕ್ಯಾನು, ಟೂ ಸ್ಟ್ರೋಕ್ ಆಯಿಲ್ ಬಟ್ಟೆ ಈ ಮರದ ಗೋಡೆ ಮೇಲೆ ಇಡಬೇಡಿ. ಅವಕ್ಕೆ ಹೊರಗೆ ತಗಡಿನ ಪೆಟ್ಟಿಗೆ ಮಾಡಿ. ಗ್ರೈಂಡರ್ ಕಿಡಿ ಎಲ್ಲಿಗೆ ಹಾರುತ್ತದೆ ನೋಡಿಕೊಂಡು ಸಾಲು ಹಾಕಿ.

ಪಂಪ್‌ಶೆಡ್
ಬಹಳ ಉಪಕಾರ ಆಯ್ತು ಎಲ್ಲರಿಗೂ. ಹೀಗೆ ಮಾಡುತ್ತೇನೆ: ಚೌಕ ಪೈಪಿನ ಕಂಬ. ಕ್ಲೀಟ್‌ಗೆ 710, 18 ಎಂಎಂ, ಒಂದು ಹಾಳೆ. ತಟ್ಟೆಗೆ ಬಿಡಬ್ಲ್ಯುಆರ್ 18, ಪೆಟ್ಟಿಗೆಗೆ ಬಿಡಬ್ಲ್ಯುಆರ್ 12. ನೆಟ್ಟಗೆ ಕೊಯ್ಯುವುದು ಅಂಗಡಿಯ ದೊಡ್ಡ ಗರಗಸದ ಮಿಷನ್‌ನಲ್ಲಿ, ಓರೆ ಸೀಳು ಮಾತ್ರ ಇಲ್ಲಿ. ನನ್ನತ್ರ ಇರುವುದು ಕೈ ಗರಗಸದ ಮಿಷನ್, 24 ಹಲ್ಲಿನ ಬ್ಲೇಡ್. ನಡೆಯುತ್ತದಾ?

ಉಳಿ ಸುತ್ತಿಗೆ
24 ಬೇಡ, ಮೇಲ್ಪದರ ಹರಿದು ಸಿಬಿರು ಏಳುತ್ತದೆ. 60 ಹಲ್ಲಿನದ್ದು ಹಾಕಿ, ಚೆನ್ನಾಗಿರುವ ಮುಖ ಕೆಳಗೆ ಮಾಡಿ ಕೊಯ್ಯಿರಿ. ನೇರ ಬರಲು ಅಲ್ಯುಮಿನಿಯಂ ಪಟ್ಟಿ ಕ್ಲಾಂಪ್ ಮಾಡಿ. ಮತ್ತೆ ಹಾಳೆ ಗೋಡೆಗೆ ಒರಗಿಸಿಡಬೇಡಿ, ಮಲಗಿಸಿ ಇಡಿ. ಒರಗಿಸಿಟ್ಟರೆ ವಾರದಲ್ಲಿ ಬಾಗುತ್ತದೆ.

ಹುಬ್ಳಿಯಂವ
ಮುಗಿದ ಮೇಲೆ ಫೋಟೋ ಹಾಕ್ರಿ.

ಶಿರಸಿ ಅಪ್ಪೆಹುಳಿ
ಪಂಪ್‌ಶೆಡ್ ಅವರೇ, ನೀವು ಹುಲ್ಲು ಹೆರೆಯುವ ಮಿಷನ್ ರಿಪೇರಿಯವರು ಅಂದ್ರಲ್ಲ. ನಮ್ಮದು ಚೋಕ್ ಹಾಕಿದರೆ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಏನಿರಬಹುದು?

ಪಂಪ್‌ಶೆಡ್
ಕಾರ್ಬುರೇಟರ್ ಕಟ್ಟಿದೆ. ಹೋದ ಸೀಸನ್‌ನ ಪೆಟ್ರೋಲ್ ಒಳಗೇ ಬಿಟ್ಟಿದ್ದೀರಾ?